ಕರೆಂಟಿಲ್ಲದ ಬೇಸಿಗೆಯ ರಾತ್ರಿಗೆ ಮನೆಯನ್ನೂ ಓಣಿಯನ್ನೂ ಅಣಿಗೊಳಿಸುವುದು

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿತು ಎನ್ನುತ್ತಾರೆ. ಅದು ಓಡಿದ ಮೇಲೆ ಯುಗಾದಿಗೆ ಉಳಿಯುವುದು ಒಂದು ತಿಂಗಳು. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರದ ಕಡೆ ವಾಸಿಸುವವರು ಬೇಸಿಗೆಗಾಗಿ ಏನೇ ಸಿದ್ಧತೆ ಮಾಡಿಕೊಳ್ಳುವುದಿದ್ದರೂ ಈ ಒಂದು ತಿಂಗಳಲ್ಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಏಪ್ರಿಲ್ ಮಧ್ಯದಲ್ಲಿ ಇನ್ವರ್ಟರ್ ದುರಸ್ತಿಯವರಿಗೆ ಫೋನ್ ಮಾಡಿದರೆ ಅವರು ಬರುವುದು ಮುಂದಿನ ವಾರ. ಸುಣ್ಣ ಬಳಿಯುವವರು ಆ ಬಿಸಿಲಿನಲ್ಲಿ ಮಾಳಿಗೆ ಹತ್ತಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಕಲಬುರಗಿಯ ಒಂದು ಸಾಧಾರಣ ಬಡಾವಣೆಯಲ್ಲಿ, ಅರವತ್ತರಷ್ಟು ಮನೆಗಳಿರುವ ಓಣಿಯಲ್ಲಿ, ಹಲವು ಬೇಸಿಗೆಗಳನ್ನು ಕಳೆದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಿಕೊಳ್ಳಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಬಿಸಿಗಾಳಿ ಎಂದು ಘೋಷಿಸಬೇಕಾದರೆ ಗರಿಷ್ಠ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿರಬೇಕು ಮತ್ತು ಅದು ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಡಿಗ್ರಿ ಮುಟ್ಟಿರಬೇಕು. ಕರಾವಳಿಗೆ ಮೊದಲ ಮಿತಿ 40ರ ಬದಲು 37 ಡಿಗ್ರಿ. ಆದರೆ ನಮ್ಮ ಕಡೆ ಮೇ ತಿಂಗಳ ವಾಡಿಕೆಯ ಗರಿಷ್ಠವೇ 40ರ ಆಸುಪಾಸಿನಲ್ಲಿರುವುದರಿಂದ, 43 ಡಿಗ್ರಿ ಕಾದ ದಿನವೂ ಲೆಕ್ಕದ ಪ್ರಕಾರ ಬಿಸಿಗಾಳಿಯ ದಿನವಾಗದೆ ಹೋಗಬಹುದು. ಮಂಗಳೂರಿನವರಿಗೆ ಎಚ್ಚರಿಕೆ ಬರುವ ಉಷ್ಣಾಂಶ ನಮ್ಮಲ್ಲಿ ಮಾರ್ಚ್ ತಿಂಗಳ ಸಾಧಾರಣ ಮಧ್ಯಾಹ್ನ. ವಾಡಿಕೆಗಿಂತ ಎಷ್ಟು ಹೆಚ್ಚು ಎಂಬ ಗಣಿತ ಮೈಗೆ ತಿಳಿಯುವುದಿಲ್ಲ. ಆದ್ದರಿಂದ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಗಮನಿಸುತ್ತಲೇ ಇರಬೇಕಾದರೂ, ಅವು ಬರಲಿಲ್ಲವೆಂದು ನಿಶ್ಚಿಂತರಾಗಿ ಕೂರುವುದು ಸರಿಯಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಹಿಂದಿನಿಂದ ಬಂದಿರುವುದು ಸುಮ್ಮನೆ ಅಲ್ಲ; ಮನೆಗೆಲಸ, ಸಂತೆ, ಬ್ಯಾಂಕಿನ ಓಡಾಟಗಳಿಗೂ ಅದೇ ವೇಳೆಯನ್ನು ಪಾಲಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಉಳಿದ ಅರ್ಧ ತೊಂದರೆ ಬರುವುದು ರಾತ್ರಿ. ನಾಲ್ಕು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಮ್ಮ ಓಣಿಯ ಟಿಸಿ (ವಿದ್ಯುತ್ ಟ್ರಾನ್ಸ್‌ಫಾರ್ಮರ್) ಸುಟ್ಟು ಎರಡು ರಾತ್ರಿ ಕರೆಂಟ್ ಇರಲಿಲ್ಲ. ಮೊದಲನೆಯ ರಾತ್ರಿ ಫ್ಯಾನ್ ನಿಂತಿತು, ಮರುದಿನ ಬೆಳಗ್ಗೆ ಬೋರ್‌ವೆಲ್ ನಿಂತಿತು, ಮಧ್ಯಾಹ್ನದ ಹೊತ್ತಿಗೆ ಮೇಲಿನ ಟ್ಯಾಂಕ್ ಬರಿದಾಯಿತು, ಸಂಜೆಗೆ ಫೋನುಗಳೂ ಸತ್ತವು. ಎರಡನೆಯ ರಾತ್ರಿ ಎದುರು ಮನೆಯ ಮೇಲಂತಸ್ತಿನಲ್ಲಿ ಒಬ್ಬರೇ ಇದ್ದ ವೃದ್ಧರೊಬ್ಬರು ತೊದಲತೊಡಗಿದ್ದನ್ನು ಹಾಲು ಕೊಡಲು ಹೋದ ಹುಡುಗ ನೋಡದೆ ಇದ್ದಿದ್ದರೆ ಏನಾಗುತ್ತಿತ್ತೋ. ಹಗಲಿನ ಬಿಸಿಲಿನಿಂದ ಬಳಲಿದ ದೇಹ ರಾತ್ರಿ ತಣಿಯಬೇಕು. ತಣಿಯದೆ ಒಂದರ ಮೇಲೊಂದು ರಾತ್ರಿ ಕಳೆದಾಗ ಮುದುಕರು, ಹಸುಳೆಗಳು, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆಯವರು ಕುಸಿಯುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಸಿದ್ಧತೆಯೆಲ್ಲ ಕರೆಂಟೂ ನೀರೂ ಇಲ್ಲದ ಎರಡು ರಾತ್ರಿಗಳನ್ನು ಮುಂದಿಟ್ಟುಕೊಂಡು ಮಾಡಿದ್ದು. ಶಕ್ತಿನಗರ, ಯರಮರಸ್, ಕುಡತಿನಿಗಳಲ್ಲಿ ಸಾವಿರಾರು ಮೆಗಾವ್ಯಾಟ್ ವಿದ್ಯುತ್ತನ್ನು ತಯಾರಿಸಿ ನಾಡಿಗೆಲ್ಲ ಕಳಿಸುವ ಸೀಮೆಯವರೇ ಇದನ್ನು ಯೋಚಿಸಬೇಕಾಗಿ ಬಂದಿರುವುದು ವಿಚಿತ್ರವೆನಿಸಬಹುದು. ಆದರೆ ಬೇಸಿಗೆಯಲ್ಲಿ ಸೋಲುವುದು ಸಾಮಾನ್ಯವಾಗಿ ದೂರದ ಸ್ಥಾವರವಲ್ಲ, ಓಣಿಯ ತಿರುವಿನ ಟಿಸಿ.

ಛಾವಣಿಯಿಂದ ಆರಂಭಿಸಿ

ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆ, ಮೇಲ್ಮುದ್ದೆ (ಛಾವಣಿಯ ಮೇಲಿನ ಮಣ್ಣಿನ ಪದರ), ಹೊಗೆ ಮತ್ತು ಬಿಸಿಗಾಳಿ ಹೊರಹೋಗಲು ಬೆಳಕಿಂಡಿ, ಕೆಳಗೆ ಶಹಾಬಾದ್ ಕಲ್ಲಿನ ನೆಲ ಇರುತ್ತಿದ್ದವು. ಈಗಿನ ಆರ್‌ಸಿಸಿ ಛಾವಣಿ ಹಗಲೆಲ್ಲ ಕಾದು, ಆ ಕಾವನ್ನು ಸಂಜೆಯಿಂದ ನಡುರಾತ್ರಿಯವರೆಗೆ ಒಳಗೆ ಬಿಡುತ್ತದೆ. ಆದುದರಿಂದ ಫ್ಯಾನ್ ಇಲ್ಲದ ರಾತ್ರಿಗೆ ಮಾಡಬಹುದಾದ ಅತಿ ಅಗ್ಗದ ಕೆಲಸವೆಂದರೆ ಮಾರ್ಚ್ ಮೊದಲ ವಾರದಲ್ಲಿ ಛಾವಣಿಗೆ ಬಿಳಿ ಸುಣ್ಣ ಬಳಿಯುವುದು. ಒಂದು ರಾತ್ರಿ ನೆನೆದು ಆರಿದ ಸುಣ್ಣವನ್ನು ಸೋಸಿ, ಅಂಟಿಗಾಗಿ ಸ್ವಲ್ಪ ಫೆವಿಕಾಲ್ ಬೆರೆಸಿ, ಗುಡಿಸಿ ತೊಳೆದ ಛಾವಣಿಗೆ ಎರಡು ಮೂರು ಬಾರಿ ಬಳಿದರೆ ಆ ಬೇಸಿಗೆ ಕಳೆಯುತ್ತದೆ. ಮಳೆಗಾಲದಲ್ಲಿ ತೊಳೆದುಹೋಗುವುದರಿಂದ ಮರುವರ್ಷ ಮತ್ತೆ ಬಳಿಯಬೇಕು. ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿಯುವುದರಿಂದ ಮಕ್ಕಳನ್ನು ದೂರವಿರಿಸಬೇಕು, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಬೇಕು. ಹಣ ಹೊಂದಿಸಬಲ್ಲವರು ಹಲವು ವರ್ಷ ಬಾಳುವ ಬಿಳಿ ತಂಪುಬಣ್ಣವನ್ನು ಬಳಸಬಹುದು. ನೆರೆಯ ತೆಲಂಗಾಣವು 2023ರಲ್ಲಿ ಇಂಥ ತಂಪು ಛಾವಣಿಗಳಿಗಾಗಿಯೇ ಒಂದು ನೀತಿಯನ್ನು ತಂದಿತು. ನಾವು ನೀತಿಗಾಗಿ ಕಾಯಬೇಕಿಲ್ಲ.

ತಗಡಿನ ಮನೆಗಳ ವಿಷಯ ಬೇರೆ. ಹಗಲು ಕಿಟಕಿ, ಬಾಗಿಲು ಮುಚ್ಚಿಕೊಂಡು ಒಳಗಿರಿ ಎಂಬ ಸಲಹೆ ಆರ್‌ಸಿಸಿ ಮನೆಗೆ ಸರಿ, ತಗಡಿನ ಮನೆಗೆ ಅಪಾಯಕಾರಿ, ಏಕೆಂದರೆ ಮಧ್ಯಾಹ್ನ ಅಲ್ಲಿ ಒಳಗಿನ ಸೆಕೆ ಹೊರಗಿನದಕ್ಕಿಂತ ಹೆಚ್ಚು. ತಗಡಿನ ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಒಂದೆರಡು ಅಡಿ ಎತ್ತರದಲ್ಲಿ ಹಸಿರು ನೆಟ್ ಕಟ್ಟಿ, ನಡುವೆ ಗಾಳಿಯಾಡಲು ಬಿಟ್ಟರೆ ಗುಣ ಕಾಣುತ್ತದೆ. ಜೋಳದ ಕಣಿಕೆಯನ್ನು ಹೊದಿಸುವ ಪದ್ಧತಿಯೂ ಇದೆ. ತಂಪೇನೋ ಹೌದು, ಆದರೆ ವಿದ್ಯುತ್ ತಂತಿ ಹತ್ತಿರ ಹಾದುಹೋಗಿರುವಲ್ಲಿ ಒಂದು ಕಿಡಿ ಸಾಕಾಗುವುದರಿಂದ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಇಂಥ ಮನೆಗಳವರು ಮಧ್ಯಾಹ್ನ 12ರಿಂದ 4ರವರೆಗೆ ಎಲ್ಲಿರುತ್ತಾರೆ ಎಂಬುದನ್ನು ಓಣಿಯವರೇ ಯೋಚಿಸಬೇಕು. ಅದಕ್ಕೆ ಮುಂದೆ ಬರುತ್ತೇನೆ.

ಕಿಟಕಿಗೆ ಪರದೆ ಒಳಗಿನಿಂದ ಹಾಕುವುದಕ್ಕಿಂತ ಹೊರಗಿನಿಂದ ನೆರಳು ಕೊಡುವುದು ಮೇಲು, ಏಕೆಂದರೆ ಗಾಜು ದಾಟಿ ಬಂದ ಬಿಸಿಲು ಒಳಗೇ ಉಳಿಯುತ್ತದೆ. ಪಶ್ಚಿಮದ ಗೋಡೆಗೆ ಹಂದರವೊಂದನ್ನು ಹಾಕಿಸಿ. ಬೆಳಗ್ಗೆ 9ರ ಸುಮಾರಿಗೆ ಕಿಟಕಿ ಮುಚ್ಚಿ, ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯಿರಿ. ಸೊಳ್ಳೆಜಾಲರಿ ಮತ್ತು ಗಟ್ಟಿ ಸರಳು ಇಲ್ಲದ ಕಿಟಕಿಯನ್ನು ರಾತ್ರಿ ಯಾರೂ ತೆರೆದಿಡುವುದಿಲ್ಲವಾದ್ದರಿಂದ ಇವೆರಡೂ ಬೇಸಿಗೆಯ ಸಾಮಗ್ರಿಗಳೇ.

ನೀರು

ಕುಡಿಯಲು ಮತ್ತು ಅಡುಗೆಗೆ ತಲಾ ದಿನಕ್ಕೆ ಏಳು ಲೀಟರಿನಂತೆ ಎರಡು ದಿನದ ನೀರನ್ನು ಮುಚ್ಚಳವಿರುವ ಪಾತ್ರೆಗಳಲ್ಲಿ ತುಂಬಿಡಬೇಕು. ಐದು ಜನರ ಮನೆಗೆ ಇದು 70 ಲೀಟರ್, ಅಂದರೆ 20 ಲೀಟರಿನ ಮೂರೂವರೆ ಕ್ಯಾನು. ಸ್ನಾನ, ಶೌಚದ ನೀರು ಇದಕ್ಕೆ ಹೊರತು. ವಾರಕ್ಕೊಮ್ಮೆ ಚೆಲ್ಲದೆ ಗಿಡಕ್ಕೆ ಹಾಕಿ ಹೊಸದಾಗಿ ತುಂಬಿಕೊಳ್ಳಿ, ಇಲ್ಲವಾದರೆ ಡೆಂಗಿ ಸೊಳ್ಳೆಗೆ ಮನೆ ಮಾಡಿಕೊಟ್ಟಂತಾಗುತ್ತದೆ. ನೆಲದೊಳಗಿನ ಸಂಪಿನಿಂದ ಮೋಟಾರಿಲ್ಲದೆ ನೀರೆತ್ತಲು ಹಗ್ಗ ಕಟ್ಟಿದ ಕೊಡವೊಂದು ಇರಲಿ, ಮುಚ್ಚಳಕ್ಕೆ ಬೀಗವಿರಲಿ. ಮಣ್ಣಿನ ಹರವಿಯನ್ನು ಅಡುಗೆಮನೆಯ ಮೂಲೆಯಲ್ಲಲ್ಲ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ಅದು ತಂಪಾಗುವುದು ಹೊರಮೈಯಿಂದ ನೀರು ಆವಿಯಾಗುವುದರಿಂದ. ನಮ್ಮ ಒಣ ಹವೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ತೇವ ತುಂಬಿದ ಕರಾವಳಿಯಲ್ಲಿ ಅಷ್ಟಾಗಿ ನಡೆಯದು. ಏರ್ ಕೂಲರಿಗೂ ಇದೇ ಮಾತು ಅನ್ವಯ: ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರ್ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಕೋಣೆ ಕರಾವಳಿಯಾಗುತ್ತದೆ.

ಬಾಯಾರಿಕೆಯಾಗಲಿ ಎಂದು ಕಾಯದೆ ಮಜ್ಜಿಗೆ, ಜೋಳದ ಅಂಬಲಿ, ಉಪ್ಪು ಹಾಕಿದ ನಿಂಬೆ ಪಾನಕ ಕುಡಿಯುತ್ತಿರಬೇಕು. ಓಆರ್‌ಎಸ್ ಪೊಟ್ಟಣಗಳು ಮನೆಯಲ್ಲಿರಲಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಸಮತಟ್ಟಾಗಿ ಅಳೆದು ಬೆರೆಸಿ, 24 ಗಂಟೆಯೊಳಗೆ ಮುಗಿಸಿರಿ. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಕೆಡುಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರು ಕಡಿಮೆ ಕುಡಿಯಲು ಹೇಳಿಸಿಕೊಂಡವರು, ಮೂತ್ರ ಹೆಚ್ಚಿಸುವ ಮಾತ್ರೆ, ರಕ್ತದೊತ್ತಡ ಅಥವಾ ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಬೇಸಿಗೆಗೆ ಮೊದಲೇ ವೈದ್ಯರನ್ನು ಕಂಡು ಪ್ರಮಾಣ ಕೇಳಿಕೊಳ್ಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಬಿಸಿಲು ಬಡಿಯದಿರಲೆಂದು ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಳ್ಳುವ ರೂಢಿಗೆ ನನ್ನ ಆಕ್ಷೇಪವಿಲ್ಲ, ಇನ್ನೊಂದು ಕೈಯಲ್ಲಿ ನೀರಿನ ಬಾಟಲಿ ಇದ್ದರೆ.

ಇನ್ವರ್ಟರಿನ ಲೆಕ್ಕ

ಹೆಚ್ಚಿನ ಮನೆಗಳಲ್ಲಿರುವುದು 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್ ಆಗುತ್ತದೆಯಾದರೂ, ಇನ್ವರ್ಟರಿನಲ್ಲಿ ಆಗುವ ನಷ್ಟವನ್ನೂ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದೆಂಬುದನ್ನೂ ಲೆಕ್ಕಕ್ಕೆ ಹಿಡಿದರೆ, ಹೊಸ ಬ್ಯಾಟರಿಯಿಂದಲೇ ಕೈಗೆ ಸಿಗುವುದು 1,100ರಷ್ಟು. 75 ವ್ಯಾಟಿನ ಎರಡು ಹಳೆಯ ಫ್ಯಾನು, 9 ವ್ಯಾಟಿನ ಮೂರು ಎಲ್‌ಇಡಿ ದೀಪ ಸೇರಿದರೆ 177 ವ್ಯಾಟ್. ಬ್ಯಾಟರಿ ಆರು ಗಂಟೆ ಓಡಿ, ಅಂದರೆ ರಾತ್ರಿ ಹತ್ತಕ್ಕೆ ಕರೆಂಟ್ ಹೋದರೆ ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಿತು. ಅದೇ ಜಾಗದಲ್ಲಿ 30 ವ್ಯಾಟಿನ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನುಗಳಿದ್ದರೆ ಒಟ್ಟು 87 ವ್ಯಾಟ್ ಆಗಿ ಹನ್ನೆರಡು ಗಂಟೆ ದಾಟುತ್ತದೆ. ಇನ್ನೊಂದು ಬ್ಯಾಟರಿ ಕೊಳ್ಳುವ ಹಣದಲ್ಲಿ ಮೂರು ನಾಲ್ಕು ಫ್ಯಾನು ಬದಲಾಯಿಸಬಹುದು. ನನ್ನನ್ನು ಕೇಳಿದರೆ ಎರಡನೆಯದನ್ನೇ ಹೇಳುತ್ತೇನೆ. ಟಿವಿ, ಮಿಕ್ಸರ್‌ಗಳನ್ನು ಇನ್ವರ್ಟರ್ ಸಾಲಿನಿಂದ ತೆಗೆಸಿಬಿಡಿ, ಕರೆಂಟ್ ಹೋದ ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗಿರಿ.

ಡಿಸ್ಟಿಲ್ಡ್ ವಾಟರನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಬೇಕು. ನಲ್ಲಿ ನೀರನ್ನು ಹಾಕಿದರೆ ಬ್ಯಾಟರಿ ಕೆಡುತ್ತದೆ. ಬ್ಯಾಟರಿಯನ್ನು ಬಿಸಿಲು ಬೀಳುವ ಮೆಟ್ಟಿಲ ಕೆಳಗೆ ಇಡದೆ ಗಾಳಿಯಾಡುವ ನೆರಳಿನಲ್ಲಿ ಇಡಿ, ಸೆಕೆಗೆ ಅದರ ಆಯುಸ್ಸೂ ಕುಗ್ಗುತ್ತದೆ. ಮಾರ್ಚ್ ತಿಂಗಳ ಒಂದು ಸಂಜೆ ಮೇನ್ ಸ್ವಿಚ್ ಇಳಿಸಿ ನಿಜವಾಗಿ ಎಷ್ಟು ಗಂಟೆ ಓಡುತ್ತದೆಂದು ನೋಡಿಬಿಡುವುದು ಎಲ್ಲ ಲೆಕ್ಕಕ್ಕಿಂತ ಖಚಿತ. ಜನರೇಟರ್ ಇರುವವರಿಗೆ ಎರಡೇ ಮಾತು: ಅದನ್ನು ಮನೆಯೊಳಗೆ, ಮುಚ್ಚಿದ ವರಾಂಡದಲ್ಲಿ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮತ್ತು ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ವೈರಿಂಗಿಗೆ ಸಿಕ್ಕಿಸಬೇಡಿ, ಆ ವಿದ್ಯುತ್ ಹಿಮ್ಮುಖವಾಗಿ ಹರಿದು ಕಂಬದ ಮೇಲಿರುವ ಲೈನ್‌ಮನ್‌ನನ್ನು ಕೊಲ್ಲಬಲ್ಲದು.

ಫ್ಯಾನಿನ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ಕೋಣೆಯ ಗಾಳಿ 40 ಡಿಗ್ರಿ ದಾಟಿದಾಗ ಒಣಮೈಗೆ ಬೀಸುವ ಫ್ಯಾನು ತಣಿಸುವ ಬದಲು ಕಾಯಿಸುತ್ತದೆ. ಒದ್ದೆ ಪಂಚೆಯನ್ನು ಮೈಮೇಲೆ ಹೊದ್ದು, ಕೈಕಾಲು, ಕುತ್ತಿಗೆಗೆ ಆಗಾಗ ನೀರು ಸವರಿಕೊಂಡರೆ ಅದೇ ಫ್ಯಾನು, ಅದಿಲ್ಲದಿದ್ದರೆ ಬೀಸಣಿಗೆಯೂ, ತಂಪು ಕೊಡುತ್ತದೆ.

ಫ್ರಿಜ್ಜಿನ ಬಾಗಿಲನ್ನು ತೆರೆಯದಿದ್ದರೆ ಒಳಗಿನ ತಂಪು ನಾಲ್ಕು ಗಂಟೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಎರಡು ಮೂರು ನೀರಿನ ಬಾಟಲಿಗಳು ಸದಾ ಫ್ರೀಜರಿನಲ್ಲಿ ಹೆಪ್ಪುಗಟ್ಟಿರಲಿ. ಅವು ಆಹಾರವನ್ನೂ ಕಾಯುತ್ತವೆ, ಶಾಖಾಘಾತವಾದಾಗ ಮನುಷ್ಯನನ್ನೂ ಕಾಯುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರ ಮನೆಯಲ್ಲಿ ಒಂದರೊಳಗೊಂದು ಕೂರುವ ಎರಡು ಮಣ್ಣಿನ ಗಡಿಗೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ ಇರುವ ವ್ಯವಸ್ಥೆಯನ್ನು ಮೊದಲೇ ಮಾಡಿಟ್ಟುಕೊಳ್ಳಬೇಕು. ಇನ್ಸುಲಿನ್ ಮಂಜುಗಡ್ಡೆಗೆ ನೇರವಾಗಿ ತಗುಲಬಾರದು, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಓಣಿಯ ಕೆಲಸ

ಮೊದಲ ಕೆಲಸ ಟಿಸಿಯದು. ಟಿಸಿ ಒಳಗಿನ ಎಣ್ಣೆಯಿಂದ ತಣ್ಣಗಾಗುತ್ತದೆ. ಹಗಲು ಬಿಸಿಲಿಗೆ ಕಾದು, ರಾತ್ರಿ ಎಲ್ಲ ಮನೆಗಳ ಎಸಿ, ಕೂಲರ್‌ಗಳನ್ನು ಹೊತ್ತಾಗ ಅದಕ್ಕೂ ತಣಿಯಲು ಬಿಡುವಿರುವುದಿಲ್ಲ. ಹೊಸ ಎಸಿಗಳು ಎಷ್ಟು ಬಂದಿವೆ ಎಂದು ಓಣಿಯವರೇ ಎಣಿಸಿ, ಟಿಸಿಯ ಮೇಲೆ ಬರೆದಿರುವ ಸಂಖ್ಯೆಯನ್ನು ನಮೂದಿಸಿ, ಲೋಡ್ ಪರೀಕ್ಷಿಸಬೇಕು ಮತ್ತು ತಂತಿಗೆ ತಾಗುವ ಕೊಂಬೆಗಳನ್ನು ಕತ್ತರಿಸಬೇಕು ಎಂದು ಫೆಬ್ರುವರಿಯಲ್ಲೇ ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಗೆ, ವಿಜಯಪುರದವರಾದರೆ ಹೆಸ್ಕಾಂಗೆ, ಸಹಿ ಹಾಕಿದ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಕರೆಂಟ್ ಹೋದಾಗ 1912ಕ್ಕೆ ಕರೆ ಮಾಡಿ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಮತ್ತು ಟಿಸಿ ಸಂಖ್ಯೆ ಎರಡನ್ನೂ ಹೇಳಿ, ದೂರು ಸಂಖ್ಯೆಯನ್ನು ಬರೆದುಕೊಳ್ಳಿ. ಎಲ್ಲರೂ ಬೇರೆಯವರು ಮಾಡಿರುತ್ತಾರೆಂದು ಸುಮ್ಮನಿದ್ದುದರಿಂದ ನಮ್ಮ ಆ ಮೊದಲ ರಾತ್ರಿ ಎರಡು ಗಂಟೆಯ ಕಾಲ ಯಾರೂ ದೂರು ಕೊಟ್ಟಿರಲಿಲ್ಲ.

ಕರೆಂಟ್ ಬಂದ ಕ್ಷಣದಲ್ಲಿ ಪಾಲಿಸಬೇಕಾದ ಶಿಸ್ತು ಇದಕ್ಕಿಂತಲೂ ಮುಖ್ಯ. ಅರವತ್ತು ಮನೆಗಳ ಎಸಿ, ಕೂಲರ್, ಫ್ರಿಜ್, ಮೋಟಾರುಗಳು ಒಟ್ಟಿಗೆ ಎದ್ದರೆ ಆಗತಾನೆ ಕಟ್ಟಿದ ಫ್ಯೂಸ್ ಮತ್ತೆ ಹೋಗುತ್ತದೆ. ಕರೆಂಟ್ ಹೋದ ಕೂಡಲೇ ಒಂದು ದೀಪವನ್ನು ಬಿಟ್ಟು ಉಳಿದ ಸ್ವಿಚ್ಚುಗಳನ್ನೆಲ್ಲ ಆರಿಸಿ. ಬಂದ ಮೇಲೆ ಹತ್ತು ನಿಮಿಷ ತಡೆದು ಫ್ಯಾನು, ಆನಂತರ ಫ್ರಿಜ್ ಹಚ್ಚಿ. ನೀರಿನ ಮೋಟಾರನ್ನು ಓಣಿಯ ಬಲಬದಿಯವರು ಮೊದಲ ಅರ್ಧ ಗಂಟೆ, ಎಡಬದಿಯವರು ಎರಡನೆಯ ಅರ್ಧ ಗಂಟೆ ಹಚ್ಚುವುದೆಂದು ನಾವು ಮಾತಾಡಿಕೊಂಡೆವು. ಮೊದಲ ವರ್ಷ ಜಗಳವಾಯಿತು, ಈಗ ರೂಢಿಯಾಗಿದೆ.

ಎರಡನೆಯ ಕೆಲಸ ಒಂದು ನೋಟ್‌ಬುಕ್. ಒಬ್ಬರೇ ಇರುವ ವೃದ್ಧರು, ಬಾಣಂತಿಯರು, ಹಾಸಿಗೆ ಹಿಡಿದವರು, ಡಯಾಲಿಸಿಸ್‌ಗೆ ಹೋಗುವವರು, ಆಮ್ಲಜನಕದ ಯಂತ್ರ ಬಳಸುವವರು, ತಗಡಿನ ಕೆಳಗೆ ವಾಸಿಸುವವರು ಯಾವ ಯಾವ ಮನೆಯಲ್ಲಿದ್ದಾರೆಂದು ಅದರಲ್ಲಿ ಬರೆದು, ಪ್ರತಿ ಮನೆಗೂ ಹೋಗಿ ನೋಡುವ ಇಬ್ಬರನ್ನು ಗೊತ್ತುಮಾಡಬೇಕು. ಆಶಾ ಕಾರ್ಯಕರ್ತೆಯರಿಗೆ ಈ ಮಾಹಿತಿ ಬಹುಪಾಲು ಬಾಯಿಪಾಠವಿರುತ್ತದೆ, ಅವರ ಜೊತೆ ಕುಳಿತೇ ಬರೆಯಿರಿ. ಕಟ್ಟುತ್ತಿರುವ ಮನೆಗಳ ಮುಂದಿನ ಶೆಡ್ಡುಗಳಲ್ಲಿರುವ ಕಾವಲುಗಾರರ ಸಂಸಾರಗಳು ಇಂಥ ಪಟ್ಟಿಗಳಲ್ಲಿ ಬಿಟ್ಟುಹೋಗುವುದೇ ಹೆಚ್ಚು. ಫೋನ್ ಮಾಡಿ ವಿಚಾರಿಸುವುದು ಸಾಲದು. ಕರೆಂಟ್ ಹೋದ ಕೆಲವು ಗಂಟೆಗಳಲ್ಲಿ ಫೋನೂ ಟವರೂ ನಿಲ್ಲಬಹುದು. ಸಂಜೆ ನಾಲ್ಕಕ್ಕೊಮ್ಮೆ, ಮಲಗುವ ಮುನ್ನ ಒಮ್ಮೆ ಬಾಗಿಲು ತಟ್ಟಿ, ಎದುರು ಕುಳಿತು ಒಂದು ಲೋಟ ಮಜ್ಜಿಗೆ ಕುಡಿಸಿ ಮಾತಾಡಿಸಬೇಕು. ವಯಸ್ಸಾದವರಿಗೆ ಬಾಯಾರಿಕೆಯೇ ತಿಳಿಯುವುದಿಲ್ಲ, ಕೇಳಿದರೆ ಆರಾಮಿದ್ದೇನೆ ಎಂದೇ ಹೇಳುತ್ತಾರೆ.

ಮೂರನೆಯದು ತಂಪಾದ ಒಂದು ಜಾಗ. ಸಮುದಾಯ ಭವನ, ಶಾಲೆಯ ಕೋಣೆ, ಮಠ, ಮಸೀದಿ, ಗುಡಿಯ ಕಲ್ಲಿನ ಪಡಸಾಲೆ, ಏನೂ ಇಲ್ಲವಾದರೆ ದೊಡ್ಡ ಬೇವಿನ ಮರದ ಕೆಳಗೆ ಹಂದರ. ಹರವಿ, ಚಾಪೆ, ಶೌಚಾಲಯ, ಹೆಂಗಸರಿಗೆ ಸಂಕೋಚವಿಲ್ಲದೆ ಒರಗಲು ಮರೆ, ಇವಿದ್ದರೆ ಮಾತ್ರ ಜನ ಬರುತ್ತಾರೆ. ಬೀಗದ ಕೈ ಯಾರ ಹತ್ತಿರವಿದೆ ಎಂಬುದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ; ನಮ್ಮ ಆ ಎರಡನೆಯ ರಾತ್ರಿ ಇನ್ವರ್ಟರ್ ಇದ್ದ ಭವನ ಕೈಯೆಟಕಿನಲ್ಲಿತ್ತು, ಬೀಗದ ಕೈ ಇಟ್ಟುಕೊಂಡವರು ಮದುವೆಗೆಂದು ಬೀದರಿಗೆ ಹೋಗಿದ್ದರು. ದಾರಿಹೋಕರಿಗೆ ಅರವಟಿಗೆ ಇಡುವ ಸಂಪ್ರದಾಯ ನಮ್ಮಲ್ಲಿ ಇನ್ನೂ ಇದೆ. ಉದ್ಘಾಟನೆಯ ಫೋಟೊ ತೆಗೆದ ಮರುವಾರ ಬರಿದಾಗುವ ಅರವಟಿಗೆಗಳನ್ನು ನೋಡಿದ್ದೇನಾದ್ದರಿಂದ, ನೀರು ತುಂಬುವವರ ಹೆಸರು ಮತ್ತು ವಾರ ಅದರ ಪಕ್ಕದಲ್ಲೇ ತೂಗುಹಾಕಿರಬೇಕೆಂದು ಹೇಳುತ್ತೇನೆ.

ಇವೆಲ್ಲ ಅತಿಯಾಯಿತೆಂದು ಅನಿಸುವವರು ನೆನಪಿಸಿಕೊಳ್ಳಬೇಕು: 2015ರ ಬೇಸಿಗೆಯಲ್ಲಿ ಪಕ್ಕದ ಆಂಧ್ರ ಮತ್ತು ತೆಲಂಗಾಣಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬಿಸಿಲಿಗೆ ಸತ್ತರು. ಅಹಮದಾಬಾದ್ ನಗರವು 2010ರ ಮೇ ತಿಂಗಳ ಸಾವುಗಳಿಂದ ಪಾಠ ಕಲಿತು, 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ನಿರ್ವಹಣಾ ಯೋಜನೆಯನ್ನು ಮಾಡಿಕೊಂಡಿತು.

ಬಿಸಿಲು ಬಡಿದಾಗ

ತಲೆಸುತ್ತು, ವಾಕರಿಕೆ, ವಿಪರೀತ ಬೆವರು, ಕಾಲು ಸೆಳೆತ ಇದ್ದು ಮನುಷ್ಯ ಸರಿಯಾಗಿ ಮಾತಾಡುತ್ತಿದ್ದರೆ ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಓಆರ್‌ಎಸ್ ಕುಡಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿರಿ. ಮಾತು ತೊದಲಿದರೆ, ಸಂಬಂಧವಿಲ್ಲದ್ದನ್ನು ಮಾತಾಡಿದರೆ, ಫಿಟ್ಸ್ ಬಂದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. ಮೈ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿರುತ್ತದೆ, ಮೈ ಬೆವರುತ್ತಿದ್ದರೂ ಇದು ಆಗಿರಬಹುದು. 108ಕ್ಕೆ ಕರೆ ಮಾಡಿ, ಆದರೆ ಆಂಬುಲೆನ್ಸಿಗಾಗಿ ಕೈಕಟ್ಟಿ ನಿಲ್ಲಬೇಡಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿಸುವುದೇ ಚಿಕಿತ್ಸೆ. ಕೊಡಗಟ್ಟಲೆ ನೀರನ್ನು ಮೈಮೇಲೆ ಸುರಿಯಿರಿ, ಒದ್ದೆ ಬಟ್ಟೆ ಹೊದಿಸಿ ಬೀಸುತ್ತಲೇ ಇರಿ, ಫ್ರೀಜರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒತ್ತಿ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಜ್ವರದ ಮಾತ್ರೆ ಈ ಕಾವನ್ನು ಇಳಿಸುವುದಿಲ್ಲ.

ಅಡ್ಡಮಳೆಯ ದಿನ

ಏಪ್ರಿಲ್ ಕೊನೆಯ ಭರಣಿಯಿಂದ ಮೇ ಕೊನೆಯ ರೋಹಿಣಿಯವರೆಗೆ, ಹಗಲೆಲ್ಲ ಉರಿದ ದಿನದ ಸಂಜೆ ಎದ್ದು ಬರುವ ಗಾಳಿಮಳೆಯಿಂದ ಸೆಕೆ ಇಳಿಯುತ್ತದೆ, ಅದೇ ಗಾಳಿಗೆ ಕಂಬಗಳೂ ಉರುಳುತ್ತವೆ. ದೀರ್ಘ ಕಾಲ ಕರೆಂಟ್ ಹೋಗುವುದು ಹೆಚ್ಚಾಗಿ ಇಂಥ ಸಂಜೆಗಳಲ್ಲೇ. ಮೋಡ ಕಪ್ಪಾದ ಕೂಡಲೇ ಫೋನು, ಪವರ್‌ಬ್ಯಾಂಕ್, ಟಾರ್ಚುಗಳನ್ನು ಚಾರ್ಜಿಗೆ ಹಾಕಿ, ಮೋಟಾರ್ ಹಚ್ಚಿ ಮೇಲಿನ ಟ್ಯಾಂಕ್ ತುಂಬಿಸಿಕೊಳ್ಳಿ, ತಗಡಿನ ಮೇಲೆ ಕಟ್ಟಿದ ನೆಟ್ ಬಿಚ್ಚಿ ಇಳಿಸಿ, ಗುಡುಗು ಹತ್ತಿರವಾದಾಗ ಪ್ಲಗ್ಗುಗಳನ್ನು ಕಿತ್ತು, ಮರದ ಕೆಳಗಿನ ಹಂದರದಲ್ಲಿ ಇರುವವರನ್ನು ಒಳಗೆ ಕರೆದುಕೊಳ್ಳಿ. ತುಂಡಾಗಿ ಬಿದ್ದ ತಂತಿಯಲ್ಲಿ ಕರೆಂಟ್ ಇದೆಯೆಂದೇ ತಿಳಿದು, ಹತ್ತಾರು ಹೆಜ್ಜೆ ದೂರದಲ್ಲಿ ಒಬ್ಬರು ನಿಂತು ಮಕ್ಕಳನ್ನೂ ದನಗಳನ್ನೂ ತಡೆಯಬೇಕು, ಇನ್ನೊಬ್ಬರು 1912ಕ್ಕೆ ತಿಳಿಸಬೇಕು. ಕೋಲಿನಿಂದ ಸರಿಸುವ ಸಾಹಸ ಬೇಡ. ಮಿರಗದ (ಮೃಗಶಿರಾ) ಮಳೆ ಹಿಡಿದ ಮೇಲೆ ಕೂಲರನ್ನು ಒಣಗಿಸಿ ಮೇಲಿಡುವಾಗ, ಈ ಸಲ ಯಾವ ರಾತ್ರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ, ಯಾರ ಮನೆಗೆ ಹೋಗಿ ನೋಡುವುದು ತಪ್ಪಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಅದನ್ನು ಭವನದ ಬೀಗದ ಕೈಯ ಜೊತೆ ಒಂದೇ ಮೊಳೆಗೆ ತೂಗುಹಾಕಿ.